ಚಳಿಗೆ ದಪ್ಪ ಎಣ್ಣೆ

ಹುಲ್ಲಪ್ಪ ಒಂದು ಕಡೆ ಕೂತದ್ದನ್ನು ಕಂಡವರು ಗುಳೇದಗುಡ್ಡದ ಸುತ್ತಮುತ್ತ ಯಾರೂ ಇಲ್ಲ. ಚಹಾದಂಗಡಿಯಲ್ಲಿ ನಿಂತೇ ಚಹಾ ಕುಡಿಯುತ್ತಾನೆ. ಮದುವೆ ಮನೆಯಲ್ಲಿ ಪಂಕ್ತಿಗೆ ಕೂತವನು ಅನ್ನ ಬರುವಷ್ಟರಲ್ಲಿ ಎದ್ದುಹೋಗಿ ಗಾಡಿ ನೋಡಿಕೊಂಡು ಬರುತ್ತಾನೆ. ಹೆಂಡತಿ ಸತ್ಯವ್ವ ಬಯ್ದು ಬಯ್ದು ಬೇಸತ್ತು ಈಗ ಬಯ್ಯುವುದನ್ನೇ ಬಿಟ್ಟಿದ್ದಾಳೆ. ಅವನದೇ ತಪ್ಪು ಎನ್ನುವ ಹಾಗೂ ಇಲ್ಲ. ಹುಟ್ಟಿದ್ದು ಕುರಿ ಕಾಯುವ ಮನೆತನದಲ್ಲಿ. ಕುಲದೇವರು ಬೀರಪ್ಪನ ಹೆಸರು ಹೇಳಿ ಹಿಂಡು ಹೊರಡಿಸಿದರೆ ಇವತ್ತು ಈ ಹೊಲ, ನಾಳೆ ಆ ಗುಡ್ಡ. ತೋಳ ಬಂತೋ, ನಾಯಿ ಬಂತೋ ಎಂದು ಕಿವಿ ತೆರೆದಿಟ್ಟುಕೊಂಡೇ ಮಲಗಿ ಬೆಳೆದ ಮೈ ಅದು. ನಲವತ್ತೈದು ದಾಟಿದ ಮೇಲೆ ಗುಡ್ಡ ಹತ್ತಿಳಿಯಲು ಮೊಣಕಾಲು ಒಪ್ಪಲಿಲ್ಲ. ಹಿಂಡನ್ನು ತಮ್ಮನಿಗೆ ಬಿಟ್ಟು ಹಳೆಯ ಡೀಸೆಲ್ ಜೀಪೊಂದನ್ನು ತಂದ. ಕುರಿ ಹೋದವು, ಕುರಿಗಾರನ ಅರೆನಿದ್ದೆ ಮಾತ್ರ ಉಳಿಯಿತು.

ಜೀಪನ್ನೂ ಅವನು ಕುರಿ ಸಾಕಿದಂತೆಯೇ ಸಾಕಿದ. ಬಾದಾಮಿ ಸ್ಟೇಷನ್ನಿನಲ್ಲಿ ಇಳಿದವರನ್ನು ಹತ್ತಿಸಿಕೊಂಡು ಐಹೊಳೆ, ಪಟ್ಟದಕಲ್ಲು ಸುತ್ತಿಸಿ ತರುವುದು ಹಗಲಿನ ಕೆಲಸ. ಸಂಜೆ ಮನೆಗೆ ಬಂದರೆ ಗಾಡಿಯ ಮೂತಿ ಒರೆಸಿ, ಗಾಲಿ ತಟ್ಟಿ ನೋಡಿ, ಖಾಲಿಬಿದ್ದ ಕುರಿದೊಡ್ಡಿಯೊಳಗೆ ನಿಲ್ಲಿಸುತ್ತಿದ್ದ. ಅವನ ಮನೆ ಬಾಗಲಕೋಟೆ ರಸ್ತೆಯ ಪಕ್ಕದಲ್ಲೇ ಇದ್ದರೂ ದೊಡ್ಡಿ ಇದ್ದದ್ದು ಹಿಂದಿನ ತಗ್ಗಿನಲ್ಲಿ, ಸುತ್ತ ಎದೆಮಟ್ಟದ ಕಲ್ಲುಗೋಡೆ. ಉಳಿದ ಡ್ರೈವರುಗಳು ಬೆಳಿಗ್ಗೆ ತಳ್ಳುವ ಗೊಡವೆ ಬೇಡವೆಂದು ಇಳಿಜಾರು ಹುಡುಕಿ ಗಾಡಿ ನಿಲ್ಲಿಸಿದರೆ, ಈ ಪುಣ್ಯಾತ್ಮ ಗಾಳಿ ತಾಗದ ಜಾಗ ಹುಡುಕುತ್ತಿದ್ದ.

ಈ ಜೀಪಿನ ಮುಂದಿನ ಸೀಟು ವಾರಕ್ಕೆರಡು ಬೆಳಗು ರಂಜಾನಬಿಯದು. ಗುಳೇದಗುಡ್ಡದಲ್ಲಿ ಮನೆಯ ಮಗ್ಗದ ಮೇಲೆ ಖಣ ನೇಯ್ದು ಮಕ್ಕಳನ್ನು ದಡ ಸೇರಿಸಿದ ಹೆಂಗಸು ಅವಳು. ಸತ್ಯವ್ವ ಮದುವೆಯಲ್ಲಿ ತೊಟ್ಟ ಕುಪ್ಪಸದ ಖಣವೂ ಅವಳ ಕೈಯದೇ. ಎರಡು ವರ್ಷದ ಕೆಳಗೆ ಅವಳ ಕಿಡ್ನಿ ಕೈಕೊಟ್ಟವು. ಅಂದಿನಿಂದ ಸೋಮವಾರ, ಗುರುವಾರ ಬಾಗಲಕೋಟೆಯ ದವಾಖಾನೆಯಲ್ಲಿ ಡಯಾಲಿಸಿಸ್. ಅವಳದು ಬೆಳಗಿನ ಮೊದಲ ಪಾಳಿ. ಹೊತ್ತಿಗೆ ಹೋಗದಿದ್ದರೆ ಆ ಮಷಿನ್ ಇನ್ನೊಬ್ಬರ ಪಾಲು. ಮಗ ನವೀದನ ಹತ್ತಿರ ಬೈಕಿದೆ, ಅಷ್ಟು ದೂರ ಅದರ ಮೇಲೆ ಕೂರುವ ತ್ರಾಣ ಅವಳಿಗಿಲ್ಲ. ‘ನಾ ಅದೀನಲ್ಲ’ ಎಂದು ಹುಲ್ಲಪ್ಪ ತಾನಾಗಿ ಮೈಮೇಲೆ ಎಳೆದುಕೊಂಡ ಕೆಲಸ ಇದು. ಎಳೆದುಕೊಂಡ ಮೇಲೆ ಅವನಿಗೆ ಹೇಳಲಾರದಷ್ಟು ಹಿಗ್ಗು. ಬಾದಾಮಿಯಲ್ಲಿ ಅವನ ಗಾಡಿ ಹೋದರೆ ಹಿಂದೆ ಇನ್ನೊಂದು ಗಾಡಿ ನಿಂತಿರುತ್ತದೆ. ಆದರೆ ಇಲ್ಲಿ ಒಂದು ಜೀವ ಹೊಸ್ತಿಲ ಮೇಲೆ ಕೂತು ಅವನದೇ ದಾರಿ ಕಾಯುತ್ತದೆ. ಆ ಎರಡು ದಿನ ಬೆಳಗಿನ ಜಾವ ಅವನನ್ನು ಎಬ್ಬಿಸಬೇಕಾಗಿರಲೇ ಇಲ್ಲ.

ಈ ಸಲದ ಜನವರಿಯಲ್ಲಿ ಚಳಿ ಮೂಳೆಗೆ ಇಳಿಯಿತು. ಬೆಳಿಗ್ಗೆ ಕೀಲಿ ತಿರುವಿದರೆ ಜೀಪು ನರಳಿ ನರಳಿ ಚಾಲೂ ಆಗತೊಡಗಿತು. ಅದೇ ವಾರ ರಂಜಾನಬಿಗೆ ಮಷಿನ್ ಮೇಲಿದ್ದಾಗ ಬಿ.ಪಿ. ಇಳಿದು, ಡಾಕ್ಟರು ಅರ್ಧಕ್ಕೇ ನಿಲ್ಲಿಸಿ ಕಳಿಸಿದ್ದರು. ಸೋಮವಾರದ್ದು ಏನೇ ಆದರೂ ತಪ್ಪಕೂಡದು, ಈಗಲೇ ಮೈಯಲ್ಲಿ ನೀರು ತುಂಬಿದೆ ಎಂದಿದ್ದರು. ಆ ಮಾತು ಹುಲ್ಲಪ್ಪನ ತಲೆಯಲ್ಲಿ ಕೂತುಬಿಟ್ಟಿತು. ಶುಕ್ರವಾರ, ಶನಿವಾರ ಎರಡೂ ದಿನ ಬಾಡಿಗೆಗೆ ಹೋದಲ್ಲೆಲ್ಲ ಬಾನೆಟ್ಟು ಎತ್ತಿ ಎತ್ತಿ ನೋಡಿದ. ನೋಡಿದರೆ ಅಲ್ಲಿ ಏನು ಕಂಡೀತು? ರವಿವಾರ ಬೆಳಿಗ್ಗೆ ತಡೆಯಲಾರದೆ ನವೀದನ ಅಂಗಡಿಗೆ ಹೋದ. ನವೀದ ಗುಳೇದಗುಡ್ಡದಲ್ಲಿ ಗಾಡಿಗಳ ಬಿಡಿಭಾಗ, ಎಂಜಿನ್ ಆಯಿಲ್ ಮಾರುತ್ತಾನೆ.

‘ಕಾಕಾ, ನಿಮ್ಮ ಆಯಿಲ್ ಬದಲಿ ಮಾಡೂ ಹೊತ್ತಾಗೇತಿ,’ ಎಂದ ನವೀದ. ‘ಈಗ ಹಾಕ್ಕೋತೀರಂದ್ರ ತೆಳ್ಳಂದು ಹಾಕ್ರಿ. ಡಬ್ಬಿ ಮ್ಯಾಲ ಡಬ್ಲ್ಯೂಕ್ಕಿಂತ ಮೊದಲ ಒಂದು ನಂಬರ್ ಇರ್ತೈತಲ್ರಿ, ಅದು ಸಣ್ಣದಿದ್ದಷ್ಟೂ ಚಳ್ಯಾಗ ಗಾಡಿ ಲಗೂ ಚಾಲೂ ಆಗ್ತೈತಿ.’

‘ಚಳಿಗೆ ತೆಳ್ಳಂದಾ?’

‘ಹೂಂನ್ರಿ. ಥಂಡ್ಯಾಗ ಎಣ್ಣಿ ಗಟ್ಟಿ ಆಗ್ತೈತಿ. ದಪ್ಪಂದು ಇತ್ತಂದ್ರ ನೀವು ಸೆಲ್ಫ್ ಹೊಡದ್ರೂ ಎಂಜಿನ್ ತಿರಗೂದಿಲ್ಲ. ಹದಿನೈದು ಡಬ್ಲ್ಯೂ ನಲವತ್ತು ಐತಿ ನನ್ನ ಕಡೆ. ಒಯ್ಯಿರಿ.’

‘ಚಳಿ ಬಿತ್ತಂದ್ರ ತೆಳ್ಳನ್ನ ಕಂಬಳಿ ಹೊಚಗೊಂತಾರೇನಪಾ ಯಾರರ?’

ನವೀದ ಬಿದ್ದು ಬಿದ್ದು ನಕ್ಕ. ಕೆಟ್ಟ ಮನಸ್ಸಿನ ನಗುವಲ್ಲ ಅದು, ಆದರೂ ಹುಲ್ಲಪ್ಪನಿಗೆ ಚುರುಕ್ ಎಂದಿತು. ಮೂರು ತಲೆಮಾರಿನಿಂದ ಚಳಿಗಾಲ ಬಂದರೆ ತಮ್ಮ ಮನೆತನ ಮಾಡಿದ್ದೇನು? ದಪ್ಪ ಕಂಬಳಿ ತೆಗೆಯುವುದು, ಎಳೆಮರಿಗಳನ್ನು ಗೋಡೆಯ ಮರೆಗೆ ಹಾಕುವುದು. ಮರಿ ಸತ್ತಿದ್ದರೆ ತೆಳು ಹೊದಿಕೆಗೆ ಸತ್ತಿದೆಯೇ ಹೊರತು ದಪ್ಪ ಹೊದಿಕೆಗೆ ಎಂದೂ ಸತ್ತಿಲ್ಲ. ಎಂಜಿನ್ನಿನ ಒಳಗೆ ಎಣ್ಣೆ ಮತ್ತೇನು, ಅದರ ಹೊದಿಕೆಯೇ ಅಲ್ಲವೇ? ‘ಆಮ್ಯಾಲ ಬರ್ತೇನಿ’ ಎಂದು ಹೊರಟವನು ಸೀದಾ ಬಾದಾಮಿಗೆ ಗಾಡಿ ಬಿಟ್ಟ. ತನ್ನ ಗುರುತಿಲ್ಲದ ಅಂಗಡಿಯೊಂದನ್ನು ಹುಡುಕಿ, ಇದ್ದುದರಲ್ಲಿ ಎಲ್ಲಕ್ಕಿಂತ ದಪ್ಪ ಆಯಿಲ್ ಕೊಡಿ ಎಂದ.

‘ಯಾವ ಗಾಡಿಗ್ರಿ? ಹಳೇ ಟ್ರ್ಯಾಕ್ಟರಿಗೇನು?’ ಎಂದು ಅಂಗಡಿಯವನು ಕೇಳಿದ.

‘ಹೂಂ, ಹಳೇದ ಐತಿ,’ ಎಂದ ಹುಲ್ಲಪ್ಪ.

ಸಂಜೆ ದೊಡ್ಡಿಯಲ್ಲಿ ಹಳೆಯ ಎಣ್ಣೆ ಇಳಿಸಿ ಹೊಸದನ್ನು ಸುರಿದ. ಬೆಲ್ಲದ ಪಾಕದಂತೆ ಸಾವಕಾಶ ಇಳಿಯುವ ಅದನ್ನು ನೋಡಿ ಎರಡು ದಿನದ ಮೇಲೆ ಅವನ ಜೀವಕ್ಕೆ ಒಂದಿಷ್ಟು ತಂಪಾಯಿತು. ಬಾನೆಟ್ಟಿನ ಮೇಲೆ ಎರಡು ಕಂಬಳಿ ಹೊದಿಸಿ ಅಂಚುಗಳಿಗೆ ಕಲ್ಲು ಹೇರಿದ. ಬಾಣಂತಿಗೂ ಇಷ್ಟು ಆರೈಕೆ ಮಾಡಿದವರಲ್ಲ ನೀವು ಎಂದು ಸತ್ಯವ್ವ ಬಾಗಿಲಲ್ಲಿ ನಿಂತು ಮೂಗು ಮುರಿದಳು.

ಸೋಮವಾರ ನಸುಕಿನಲ್ಲಿ ಕಂಬಳಿ ತೆಗೆದು, ಬೀರಪ್ಪನನ್ನು ನೆನೆದು ಕೀಲಿ ತಿರುವಿದ. ಎಂಜಿನ್ ಒಮ್ಮೆ ಹೂಂಕರಿಸಿ ಸುಮ್ಮನಾಯಿತು. ಮತ್ತೆ ತಿರುವಿದ. ಕೆಸರಿನಲ್ಲಿ ಹೂತ ಕಾಲು ಕಿತ್ತಂತೆ ಅದು ಅರ್ಧ ಸುತ್ತು ಎದ್ದು ಅಲ್ಲೇ ಕೂತಿತು. ಇಳಿದ, ಬಾನೆಟ್ಟು ಎತ್ತಿದ, ಮುಚ್ಚಿದ, ಹತ್ತಿದ, ತಿರುವಿದ. ಸತ್ಯವ್ವ ಒಲೆಯ ಕೆಂಡವನ್ನು ಬುಟ್ಟಿಯಲ್ಲಿ ತಂದು ಎಂಜಿನ್ನಿನ ಕೆಳಗೆ ಸರಿಸಿದಳು. ಇಬ್ಬರೂ ಸೇರಿ ತಳ್ಳಿ ನೋಡಿದರು. ತಗ್ಗಿನ ದೊಡ್ಡಿಯಿಂದ ಜೀಪನ್ನು ಮೇಲಕ್ಕೆ ತಳ್ಳುವುದಕ್ಕೆ ಇಬ್ಬರಲ್ಲ, ಹತ್ತು ಮಂದಿ ಬೇಕಿತ್ತು.

‘ನವೀದಗ ಫೋನ್ ಮಾಡ್ರಿ,’ ಎಂದಳು ಸತ್ಯವ್ವ. ‘ಬ್ಯಾರೆ ಗಾಡಿ ನೋಡ್ಕೋತಾನು.’

‘ಆಗ್ತೈತಿ ತಡಿ. ಕೆಂಡಕ್ಕ ಕಾಯಬೇಕಲ್ಲ ಅದು.’

ಅಷ್ಟರಲ್ಲಿ ಹುಲ್ಲಪ್ಪನ ಫೋನೇ ರಿಂಗಾಯಿತು. ನವೀದ. ‘ಕಾಕಾ, ಎಲ್ಲಿ ಅದೀರಿ? ಅಮ್ಮಾ ತಯಾರಾಗಿ ಕುಂತಾಳ.’

‘ಬಂದೆ, ದಾರ್ಯಾಗ ಅದೀನಿ,’ ಎಂದ ಹುಲ್ಲಪ್ಪ.

ಈ ಸೀಮೆಯಲ್ಲಿ ಗಾಡಿ ಓಡಿಸುವವನು ಯಾರೇ ಇರಲಿ, ಬಾಯಲ್ಲಿ ಹಲ್ಲುಜ್ಜುವ ಬ್ರಷ್ ಇದ್ದರೂ ಫೋನಿನಲ್ಲಿ ಅವನು ದಾರಿಯಲ್ಲೇ ಇರುತ್ತಾನೆ. ಕೇಳುವವರು ಅದಕ್ಕೆ ಅರ್ಧ ತಾಸು ಸೇರಿಸಿಕೊಂಡೇ ನಂಬುತ್ತಾರೆ. ಅದನ್ನು ಸುಳ್ಳೆಂದು ಲೆಕ್ಕಕ್ಕೆ ಹಿಡಿಯುವವರೂ ಇಲ್ಲ. ಆದರೆ ರಂಜಾನಬಿಯ ಪಾಳಿಗೆ ಹುಲ್ಲಪ್ಪ ಹಾಗೆಂದದ್ದು ಇದೇ ಮೊದಲು. ಯಾಕೆ ಹಾಗೆಂದನೋ ಅವನಿಗೇ ತಿಳಿಯದು. ಗಾಡಿ ಏಳಲಿಲ್ಲ ಎಂದರೆ ಯಾವ ಆಯಿಲ್ ಹಾಕಿದಿರಿ ಎಂದು ಆ ಹುಡುಗ ಕೇಳುತ್ತಾನೆ. ಕೇಳಿ ಮತ್ತೆ ನಗುತ್ತಾನೆ. ಆ ನಗುವಿಗೆ ಅಂಜಿದ, ಅಷ್ಟೇ.

ಹಟ ಹಿಡಿದು ಮತ್ತೆ ಮತ್ತೆ ತಿರುವಿದ. ಪ್ರತಿಸಲ ಸದ್ದು ಕುಗ್ಗುತ್ತ ಹೋಗಿ, ಕಡೆಗೆ ಟಕ್ ಎಂಬುದಷ್ಟೇ ಉಳಿಯಿತು. ಬ್ಯಾಟರಿ ಇಳಿದುಹೋಗಿತ್ತು. ಮೂಡಲಲ್ಲಿ ಬೆಳಕು ಹರಿಯುತ್ತಿತ್ತು. ನವೀದನ ಫೋನ್ ಇನ್ನೊಮ್ಮೆ ಬಂತು, ಹುಲ್ಲಪ್ಪ ಕೈಯಲ್ಲಿ ಹಿಡಿದು ನೋಡುತ್ತ ನಿಂತ. ಸತ್ಯವ್ವ ಅದನ್ನು ಕಸಿದುಕೊಂಡು, ‘ನವೀದ, ಗಾಡಿ ಎದ್ದಿಲ್ಲಪಾ. ಇನ್ನೂ ಮನ್ಯಾಗ ಅದಾರ,’ ಎಂದಳು. ಫೋನ್ ಕಟ್ಟಾಯಿತು.

ನವೀದ ಓಣಿಯೆಲ್ಲ ಓಡಾಡಿ ಪರಿಚಯದ ಮತೀನನ ಕಾರು ಹೊರಡಿಸುವಷ್ಟರಲ್ಲಿ ಹೊತ್ತು ಮೀರಿತ್ತು. ದವಾಖಾನೆಯಲ್ಲಿ ಅವಳ ಮಷಿನ್ನಿಗೆ ಬೇರೊಬ್ಬರನ್ನು ಹಾಕಿದ್ದರು. ಪಾಳಿ ಮುಗಿಯುವ ತನಕ ರಂಜಾನಬಿ ಮಲಗಲೂ ಆಗದೆ, ಕೂರಲೂ ಆಗದೆ, ಉಸಿರಿಗಾಗಿ ಒದ್ದಾಡಿದಳು. ಆಕ್ಸಿಜನ್ ಹಚ್ಚಿದರು. ಬಸ್ಸು ಹಿಡಿದು ಓಡಿಬಂದ ಹುಲ್ಲಪ್ಪನಿಗೆ ಬಾಗಿಲ ಗಾಜಿನಲ್ಲಿ ಕಂಡದ್ದು ಅವಳ ಬಾತ ಪಾದಗಳು ಮಾತ್ರ. ಅವನು ವರಾಂಡದ ಈ ತುದಿಯಿಂದ ಆ ತುದಿಗೆ, ಆ ತುದಿಯಿಂದ ಈ ತುದಿಗೆ ನಡೆದೇ ನಡೆದ. ನರ್ಸಮ್ಮ ಎರಡು ಸಲ ಬಂದು ಕೂತುಕೊಳ್ಳಿ ಎಂದಳು. ಕೂರುವುದು ಹೇಗೆ? ನವೀದ ಗೋಡೆಗೆ ಒರಗಿ ನಿಂತಿದ್ದ. ಅವನು ನಗಲೂ ಇಲ್ಲ, ಏನನ್ನೂ ಕೇಳಲೂ ಇಲ್ಲ. ಒಮ್ಮೆ ಬಯ್ದುಬಿಟ್ಟಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಮಧ್ಯಾಹ್ನ ಅವಳನ್ನು ಒಳಗೆ ಕರೆದೊಯ್ದರು. ಬದುಕಿದಳು. ದೊಡ್ಡ ಮಾತು ಅದು.

ಬುಧವಾರ ಹುಲ್ಲಪ್ಪ ಅವಳ ಮನೆಗೆ ಹೋದ. ಅವಳು ಮಗ್ಗದ ಪಕ್ಕ ಗೋಡೆಗೆ ಒರಗಿ ಕೂತಿದ್ದಳು. ಚಹಾ ಮಾಡಲು ಸೊಸೆಗೆ ಕೂಗಿ ಹೇಳಿದಳು. ಅವನು ಆಯಿಲ್ ಕಥೆಯನ್ನೆಲ್ಲ ಬಿಚ್ಚಿಟ್ಟ, ಕಂಬಳಿಯನ್ನೂ ಬಿಡಲಿಲ್ಲ. ‘ತಪ್ಪಾತು ಅಕ್ಕಾ, ದಪ್ಪ ಎಣ್ಣಿ ಹಾಕಬಾರದಿತ್ತು,’ ಎಂದ.

‘ಅದಕ್ಕ ನಾ ಏನೂ ಅನ್ನೂದಿಲ್ಲ ಹುಲ್ಲಪ್ಪ,’ ಎಂದಳು ರಂಜಾನಬಿ. ಒಂದೊಂದು ಮಾತಿಗೂ ಉಸಿರು ಹುಡುಕುತ್ತಿದ್ದಳು. ‘ಗಾಡಿ ಅಂದಮ್ಯಾಗ ಕೆಡ್ತೈತಿ. ನನ್ನ ಮೈಯೇ ಕೆಟ್ಟೈತಿ, ಗಾಡಿದೇನು. ಆದ್ರ ನೀ ದಾರ್ಯಾಗ ಅದೀನಿ ಅಂದಿ. ನವೀದ ಬ್ಯಾರೆ ಗಾಡಿ ತರ್ತೇನಿ ಅಂದಾಗ ಬ್ಯಾಡಂದಾಕಿ ನಾನ. ಹುಲ್ಲಪ್ಪ ಬರ್ತೇನಂದ್ರ ಬರ್ತಾನ ಅಂತ ಹೇಳಿ ಹೊಸ್ತಿಲಾಗ ಕುಂತೆ.’

ಚಹಾ ಬಂತು. ಅವತ್ತು ಹುಲ್ಲಪ್ಪ ಕೂತೇ ಕುಡಿದ.

ಆ ಸಂಜೆ ನವೀದ ಎಣ್ಣೆಯ ಡಬ್ಬಿ ಹಿಡಿದು ತಾನೇ ಅವನ ದೊಡ್ಡಿಗೆ ಬಂದ. ದಪ್ಪ ಎಣ್ಣೆ ಇಳಿಸಿ ತೆಳುವಾದದ್ದನ್ನು ಸುರಿದ, ಚಾರ್ಜ್ ಮಾಡಿದ ಬ್ಯಾಟರಿಯನ್ನು ಕೂರಿಸಿದ. ಕೈ ಒರೆಸಿಕೊಳ್ಳುತ್ತ, ನೆಲ ನೋಡುತ್ತ ಹೇಳಿದ, ‘ಕಾಕಾ, ಇನ್ನ ಮ್ಯಾಲ ಅಮ್ಮಾನ್ನ ಮತೀನ ಒಯ್ತಾನ್ರಿ. ಸಿಟ್ಟಾಗಬ್ಯಾಡ್ರಿ. ನಂಗ ಧೈರ್ಯ ಸಾಲವಲ್ದು.’

‘ಛಲೋ ಆತು,’ ಎಂದ ಹುಲ್ಲಪ್ಪ.

ಗುರುವಾರ ನಸುಕಿನಲ್ಲಿ ಯಾರೂ ಎಬ್ಬಿಸದೆ ಎಚ್ಚರವಾಯಿತು. ಮಲಗಿರು ಮಲಗಿರು ಎಂದು ತನಗೆ ತಾನೇ ಹೇಳಿಕೊಂಡ, ಆಗಲಿಲ್ಲ. ಎದ್ದು ದೊಡ್ಡಿಗೆ ಹೋಗಿ ಕೀಲಿ ತಿರುವಿದ. ಸೋಮವಾರಕ್ಕಿಂತ ಚಳಿ ಹೆಚ್ಚೇ ಇತ್ತು, ಆದರೂ ಜೀಪು ಕೈ ಹಚ್ಚಿದ್ದೇ ತಡ ಚಾಲೂ ಆಯಿತು. ಅದನ್ನು ಮೇಲಕ್ಕೆ ತಂದು ರಸ್ತೆಯ ಅಂಚಿಗೆ ನಿಲ್ಲಿಸಿದ. ಬಾದಾಮಿಗೆ ಹೋಗಲು ಇನ್ನೂ ಹೊತ್ತಿತ್ತು. ಎಂಜಿನ್ ಆರಿಸಲು ಮನಸ್ಸಾಗದೆ ಸ್ಟೇರಿಂಗ್ ಹಿಡಿದು ಕೂತ.

ಗುಳೇದಗುಡ್ಡದ ಕಡೆಯಿಂದ ಮತೀನನ ಕಾರು ಬಂತು. ಮುಂದಿನ ಸೀಟಿನಲ್ಲಿ ಶಾಲು ಹೊದ್ದ ರಂಜಾನಬಿ ಇದ್ದಳು. ಜೀಪಿನ ದೀಪ ಕಂಡು ಅವಳು ಕೈ ಎತ್ತಿದಳು. ಹುಲ್ಲಪ್ಪನೂ ಕೈ ಎತ್ತಿದ. ಕಾರು ನಿಲ್ಲಲಿಲ್ಲ, ನಿಲ್ಲಬೇಕಾದ ಕಾರಣವೂ ಇರಲಿಲ್ಲ. ಹೊತ್ತಿಗೆ ಸರಿಯಾಗಿ ಅದು ಬಾಗಲಕೋಟೆಯ ಕಡೆ ಹೋಯಿತು.