ಒಂದು ಗುಟುಕು ನೀರು

ಸಫಿಯಾ, ನೀನು ಮೊದಲ ಸಲ ಮುಟ್ಟಾದ ದಿನ ನಾನು ನಿನಗೆ ಹೇಳಿದ ಮೊದಲ ಮಾತು—"ಛೀ." ಅದಕ್ಕಿಂತ ಹೇಸಿಗೆಯ ಕೆಲಸವನ್ನು ಅದರ ಮರುಕ್ಷಣವೇ ಮಾಡಿದೆ. ಇವತ್ತು ಅದನ್ನು ಹೇಳಿಬಿಡುತ್ತೇನೆ.

ಮೊದಲೇ ತಿಳಿಸಿ ನಿನ್ನನ್ನು ತಯಾರು ಮಾಡಬಹುದಿತ್ತು. ಅವಕಾಶ ತಾನಾಗಿ ಬಂದಿತ್ತು. ರಮಝಾನಿನ ಒಂದು ಮಧ್ಯಾಹ್ನ, ನರಿಕೊಂಬಿನ ಈ ಮನೆಯ ಸೌದೆ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ನಾನು ತಣ್ಣಗಿನ ರೊಟ್ಟಿ ನುಂಗುತ್ತಿದ್ದೆ. ಮುಟ್ಟಿನ ದಿನಗಳಲ್ಲಿ ನಮಗೆ ಉಪವಾಸವಿಲ್ಲ—ಧರ್ಮವೇ ಕೊಟ್ಟ ರಿಯಾಯಿತಿ ಅದು. ಕದ್ದು ತಿನ್ನು ಎಂದು ಧರ್ಮ ಹೇಳಿರಲಿಲ್ಲ. ಅದನ್ನು ನಮ್ಮ ಮನೆಯ ಹೆಂಗಸರೇ ಕಲಿತು ಕಲಿಸಿದ್ದು. ಗಂಡಸರಿಗೆ ಗೊತ್ತಾಗಬಾರದು, ಬಾಯಿ ಒರೆಸಿಕೊಂಡು, ಸಂಜೆ ಅವರ ಜೊತೆ ಖರ್ಜೂರ ಹಿಡಿದು ಉಪವಾಸಿಯಂತೆ ಕೂರಬೇಕು. ತಿರುಗಿ ನೋಡಿದರೆ ಬಾಗಿಲಲ್ಲಿ ನೀನು.

"ಉಮ್ಮಾ, ನಿಮಗೆ ನೋಂಬು ಇಲ್ವಾ?"

"ಉಂಟು. ಉಪ್ಪು ನೋಡಿದ್ದು ಅಷ್ಟೇ."

ಬಾಯಿ ತುಂಬ ರೊಟ್ಟಿ ಇಟ್ಟುಕೊಂಡು ಎಂಥ ಉಪ್ಪು ನೋಡುವುದು! ಆದರೂ ನೀನು ನಂಬಿದೆ.

ಮುಂದಿನ ರಮಝಾನಿನಲ್ಲಿ ನಿನಗೇ ಬಂತು. ನೀನು ರಕ್ತವಾದ ಬಟ್ಟೆಯನ್ನು ಒಗೆಯುವ ಕಲ್ಲಿನ ಹಿಂದೆ ತುರುಕಿದ್ದೆ; ನೊಣ ಮುತ್ತಿದ್ದರಿಂದ ನನ್ನ ಕಣ್ಣಿಗೆ ಬಿತ್ತು. ಇಫ್ತಾರಿಗೆ ನೆಂಟರು ಬರುವ ಹೊತ್ತು. "ಛೀ! ಎಂಥ ಗಲೀಜು ಇದು?" ಎಂದೆ. ಬೆಳಗಿನಿಂದ ಉಪವಾಸವಿದ್ದ ನೀನು ಹೊಟ್ಟೆ ಹಿಡಿದುಕೊಂಡು ನಡುಗುತ್ತಿದ್ದೆ.

"ನಮಾಝಿಗೆ ಬಾಯಿ ಮುಕ್ಕಳಿಸುವಾಗ ಒಂದು ಗುಟುಕು ನೀರು ಕುಡಿದೆ ಉಮ್ಮಾ, ಬೇಕೂಂತಲೇ. ಅದಕ್ಕಾ ಹೀಗಾದದ್ದು?"

"ಅಲ್ಲ ಮಗಳೇ"—ಇಷ್ಟು ಹೇಳಿದ್ದರೆ ಸಾಕಿತ್ತು. ಅದರ ಬದಲು "ಇನ್ನು ಮೇಲಾದ್ರೂ ಸರಿಯಾಗಿರು. ಯಾರಿಗೂ ಹೇಳ್ಬೇಡ" ಎಂದೆ. ಹೆದರಿದರೆ ಬಾಯಿ ಮುಚ್ಚಿಕೊಂಡಿರುತ್ತಾಳೆ ಎಂದು—ಹೌದು, ಗೊತ್ತಿದ್ದೇ ಹಾಗೆ ಹೇಳಿದೆ. ಆಮೇಲೆ ಒಂದು ಪ್ಯಾಡ್ ಎಸೆದು, ಸಮೋಸ ಕರಿಯಲು ಹೋದೆ.

ಪ್ರತಿ ಸಲ ರಕ್ತ ಕಂಡಾಗಲೂ ನೀನು ಆ ಒಂದು ಗುಟುಕಿಗೆ ಅಲ್ಲಾಹನಲ್ಲಿ ಕ್ಷಮೆ ಬೇಡುತ್ತಿದ್ದೆ. ಶಾಲೆಯಲ್ಲಿ ಟೀಚರ್ ಎಲ್ಲವನ್ನೂ ವಿವರಿಸಿದ ದಿನ ಮನೆಗೆ ಬಂದವಳು ಹೀಗೆ ಕ್ಷಮೆ ಬೇಡಿದ್ದನ್ನೆಲ್ಲ ಹೇಳಿ, ಕೇಳಿದ್ದು ಇಷ್ಟೇ.

"ನಿಮಗೆ ಗೊತ್ತಿತ್ತಲ್ಲ ಉಮ್ಮಾ?"

ನಾನು ತಲೆ ಎತ್ತದೆ ಮೀನು ಕೊಯ್ಯುತ್ತಲೇ ಇದ್ದೆ. ದಿನಾ ಮೀನಿನ ರಕ್ತದಲ್ಲಿ ಕೈ ಅದ್ದುವ ನನಗೆ ಹೆತ್ತ ಮಗಳ ರಕ್ತ ಅಸಹ್ಯವಾಗಿತ್ತು! ನೆನೆದರೆ ಈಗ ನನ್ನ ಮೇಲೆಯೇ ಓಕರಿಕೆ ಬರುತ್ತದೆ.

ಈಗ ನೀನು ಮೂಡುಬಿದಿರೆಯ ಹಾಸ್ಟೆಲಿನಲ್ಲಿದ್ದೀ. ಮೊನ್ನೆ ರಜೆಗೆ ಬಂದಾಗ, ಕೋಣೆಯ ಬಾಗಿಲು ಹಾಕಿಕೊಂಡು ನೀನು ತಂಗಿಗೆ ಎಲ್ಲವನ್ನೂ ನಿಧಾನವಾಗಿ ತಿಳಿಸಿಕೊಟ್ಟೆ. ಕೊನೆಗೆ ಹೇಳಿದೆ—"ಹೆದರುವಂಥದ್ದು ಎಂಥದೂ ಇಲ್ಲ. ರಕ್ತ ಕಂಡ್ರೆ ನನಗೆ ಫೋನ್ ಮಾಡು. ಉಮ್ಮನಿಗೆ ಮಾತ್ರ ಹೇಳ್ಬೇಡ."

ಹೊರಗೆ ನಾನು ನಿಂತಿದ್ದೆ. ಬಾಗಿಲು ತಟ್ಟಬೇಕೆನಿಸಿತು, ತಟ್ಟಲಿಲ್ಲ. ನನ್ನಂಥವಳಿಂದ ನೀನು ತಂಗಿಯನ್ನು ಕಾಪಾಡುತ್ತಿದ್ದೆ.