ಕೊನೆಯ ರೈಲಿನ ಮರುದಿನ

ಈ ಪರದೇಶದಲ್ಲಿ, ಲಂಗಾಟಾದ ನಮ್ಮ ಅಪಾರ್ಟ್‌ಮೆಂಟಿನ ಗೇಟಿನಾಚೆ ಸಂಜೆಯಾದರೆ ಒಬ್ಬಾಕೆ ಒಲೆ ಹೊತ್ತಿಸಿ ಮೆಕ್ಕೆಜೋಳ ಸುಡುತ್ತಾಳೆ. ಮೊನ್ನೆ ಕಾಲೇಜಿನಲ್ಲಿ ಪಾಠ ಮುಗಿಸಿ ಬಂದು ಮಟಾಟು ವ್ಯಾನಿನಿಂದ ಇಳಿಯುತ್ತಿದ್ದಂತೆ ಆ ಹೊಗೆ ಮುಖಕ್ಕೆ ಬಡಿಯಿತು. ಇಲ್ಲಿನ ಸ್ವಾಹಿಲಿ ಭಾಷೆಯಲ್ಲಿ ಇದ್ದಿಲಿಗೂ ಕಲ್ಲಿದ್ದಲಿಗೂ ಒಂದೇ ಹೆಸರು, ಮಕಾ. ನನ್ನ ಮೂಗಿಗೂ ಆ ಕ್ಷಣ ಭೇದ ತಿಳಿಯಲಿಲ್ಲ. ನಿಮಗೂ ಹೀಗಾಗಿರಬಹುದು, ರಸ್ತೆಯಲ್ಲಿ ನಿಂತಿದ್ದರೂ ನಾನು ಆಗಿನ ಬಿಹಾರದ ಒಂದು ಕಲ್ಲಿದ್ದಲ ನಗರದ ರೈಲ್ವೆ ಕ್ವಾರ್ಟರ್ಸಿನ ಹಿತ್ತಿಲಲ್ಲಿದ್ದೆ. ಅಲ್ಲಿ ಅವ್ವ ಕಲ್ಲಿದ್ದಲು ಉರಿಯುವ ಸಿಗಡಿಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು.

ಗದಗಿನ ಕಡೆಯವರಾದ ಅಪ್ಪ ಅಲ್ಲಿ ಸ್ಟೇಷನ್ ಮಾಸ್ತರರು. ಆ ಊರಲ್ಲಿ ಕನ್ನಡ ಮಾತಾಡುವವರು ನಾವು ಮೂವರೇ. ಅವ್ವ ಒಗೆದು ಹರವಿದ ಅಪ್ಪನ ಬಿಳಿ ಸಮವಸ್ತ್ರ ಒಣಗುವಷ್ಟರಲ್ಲಿ ಬೂದು ಬಣ್ಣಕ್ಕೆ ತಿರುಗುತ್ತಿತ್ತು. ತಟ್ಟೆಯ ಮೇಲೆ, ದೇವರ ಪಟದ ಮೇಲೆ, ನನ್ನ ಜಡೆಯೊಳಗೆ ಕರಿ ಧೂಳು. ಬ್ರಿಟಿಷರು ಕಲ್ಲಿದ್ದಲು ಸಾಗಿಸಲೆಂದೇ ಹಾಸಿದ ಹಳಿ ಅದು. ಊರು ಬೆಳೆದದ್ದು ಆಮೇಲೆ. ಆದರೆ ನೆಲದಡಿಯ ಕಲ್ಲಿದ್ದಲಿಗೆ ಹತ್ತಿದ ಬೆಂಕಿ ವರ್ಷಗಟ್ಟಲೆ ಆರದೆ ತೆವಳುತ್ತ ಕೊನೆಗೆ ಹಳಿಯ ಅಡಿಗೇ ಬಂತು. ಮಳೆ ಬಿದ್ದರೆ ಜಲ್ಲಿಯ ಸಂದಿಯಿಂದ ಹಬೆ ಏಳುತ್ತಿತ್ತು. ನನಗೆ ಹತ್ತು ತುಂಬಿದ ವರ್ಷ ಆ ಮಾರ್ಗ ಮುಚ್ಚಲು ಆದೇಶ ಬಂತು.

ಕೊನೆಯ ರೈಲಿಗೆ ಅಪ್ಪ ಅವ್ವನಿಗೂ ನನಗೂ ಮುಂದಿನ ಸ್ಟೇಷನ್ನಿನವರೆಗೆ ಟಿಕೆಟ್ ತೆಗೆದರು. ಕಿಟಕಿಯಿಂದ ಅವ್ವ, "ನೀವೂ ಬರ್ರಿ," ಎಂದಳು.

"ನಾ ಬಂದ್ರ ಹಸಿರು ನಿಶಾನಿ ಯಾರು ತೋರಸ್ತಾರ?" ಎಂದು ಅಪ್ಪ ನಕ್ಕರು. ರೈಲು ತಿರುವು ದಾಟುವವರೆಗೂ ಅವರು ಬಾವುಟ ಇಳಿಸಲಿಲ್ಲ. ನಾವು ಮರಳಿದ್ದು ಬಸ್ಸಿನಲ್ಲಿ.

ವರ್ಗದ ಕಾಗದ ಬರುವವರೆಗೆ ಅಪ್ಪ ದಿನವೂ ಸಮವಸ್ತ್ರ ತೊಟ್ಟು ಸ್ಟೇಷನ್ನಿಗೆ ಹೋದರು. ಕೊನೆಯ ರೈಲಿನ ಮರುದಿನ ಮಧ್ಯಾಹ್ನ ಎಂದಿನಂತೆ ನಾನು ಬುತ್ತಿ ಒಯ್ದೆ. ಎಂದಿನಂತೆಯೇ, ಯೋಚಿಸದೆ, ಕೇಳಿಬಿಟ್ಟೆ: "ಅಪ್ಪಾ, ಇವತ್ತ ಎಷ್ಟು ಗಾಡಿ ಬಂದ್ವು?"

ಅಪ್ಪ ಬುತ್ತಿಯ ಗಂಟು ಬಿಚ್ಚಿದರು. "ಬಾ, ನನ್ನ ಜೋಡಿ ಕೂತು ಉಣ್ಣು," ಎಂದರು. ಮೊದಲೆಲ್ಲ ಕಿವಿಯನ್ನು ಗಂಟೆಯ ಕಡೆಗಿಟ್ಟು ನಾಲ್ಕು ತುತ್ತು ನುಂಗಿ ಏಳುತ್ತಿದ್ದವರು ಅಂದು ರೊಟ್ಟಿಯ ಕೊನೆಯ ಚೂರಿನವರೆಗೂ ನಿಧಾನವಾಗಿ ಅಗಿದರು. ಕಣ್ಣು ಮಾತ್ರ ಹಳಿಯ ಮೇಲೆಯೇ ಇತ್ತು. ತಪ್ಪು ಮಾತಾಡಿದೆನೆಂದು ನನಗೆ ಹೊಳೆದಿತ್ತು. ಅದನ್ನು ಹೇಗೆ ಹೇಳಬೇಕೆಂದು ಗೊತ್ತಿರಲಿಲ್ಲ. ಗೊತ್ತಾಗುವ ಹೊತ್ತಿಗೆ ಅಪ್ಪ ಇರಲಿಲ್ಲ.

ಈಗ ಅವ್ವನೂ ಇಲ್ಲ. ಹಳಿ ಕಿತ್ತು, ಕ್ವಾರ್ಟರ್ಸ್ ಕೆಡವಿ, ಅಡಿಯ ಕಲ್ಲಿದ್ದಲನ್ನೂ ಅಗೆದು ತೆಗೆದರಂತೆ. ಮೊನ್ನೆ ಮನೆಗೆ ಬಂದವಳೇ ಫೋನಿನ ನಕ್ಷೆಯಲ್ಲಿ ಹುಡುಕಿದೆ. ಆ ಕಡೆಯೆಲ್ಲ ಒಂದೇ ಕಪ್ಪು ಹೊಂಡ. ಮಗನನ್ನು ಕರೆದು ತೋರಿಸಿದೆ.

"ವೇರ್ ವಾಸ್ ದ ಹೌಸ್, ಅಮ್ಮಾ?" ಎಂದ.

ತೋರಿಸಲೆಂದು ಬೆರಳು ಎತ್ತಿದೆ. ಎಲ್ಲಿ ಇಡಬೇಕೆಂದು ತಿಳಿಯಲಿಲ್ಲ.