ಸೈರನ್ ಕೂಗಿದಾಗ ಓಡಿದವನು

ಬದಲಿ ಕೂಲಿಯವನಿಗೆ ಮಿಲ್ಲಿನಲ್ಲಿ ಕೆಲಸವಿಲ್ಲ. ಇನ್ನೊಬ್ಬನಿಗೆ ಜ್ವರ ಬಂದರೆ ಮಾತ್ರ ಇದೆ. ದಾವಣಗೆರೆಯಲ್ಲಿದ್ದು ಇದು ಗೊತ್ತಿಲ್ಲ ಅನ್ನುವವನು ಒಂದೋ ಸುಳ್ಳುಗಾರ, ಇಲ್ಲವೇ ಮಿಲ್ಲಿನ ಪಾಲುದಾರ.

ಹಿದಾಯತ್ ಬಹಳ ವರ್ಷಗಳಿಂದ ಬದಲಿ. ಪಾಳಿ ಮುಗಿದ ಸೈರನ್ ಕೂಗಿತೆಂದರೆ ಒಳಗಿದ್ದ ಕಾಯಂ ಕಾರ್ಮಿಕರು ಕೈಯಲ್ಲಿದ್ದದ್ದನ್ನು ಬಿಟ್ಟು ನಿಂತು ಬೆವರು ಒರೆಸಿಕೊಳ್ಳುತ್ತಿದ್ದರು. ಹೊರಗೆ ಬೇವಿನ ಮರದ ಕೆಳಗಿದ್ದ ಬದಲಿಗಳು ಅದೇ ಸೈರನ್ನಿಗೆ ಎದ್ದೆವೋ ಬಿದ್ದೆವೋ ಎಂದು ಗೇಟಿಗೆ ಓಡುತ್ತಿದ್ದರು. ಮೊದಲು ಮುಟ್ಟಿದವರನ್ನು ಆಳು ಆರಿಸುವ ಜಾಬರ್ ಒಳಗೆ ಬಿಡುತ್ತಿದ್ದ. ಉಳಿದವರು ಮನೆಯ ದಾರಿ ಹಿಡಿಯಬೇಕು. ಹೀಗೆ ಓಡಿ ಓಡಿ ಹಿದಾಯತ್‌ನ ಕಾಲಿಗೆ ಬಂದಿದ್ದ ವೇಗವನ್ನು ಮ್ಯಾನೇಜರ್ ಸಾಹೇಬರು ಒಂದು ದಿನ ಕಾರಿನ ಕಿಟಕಿಯಿಂದ ನೋಡಿ, "ಫುಟ್‌ಬಾಲಿಗೆ ಹೇಳಿ ಮಾಡಿಸಿದ ಹುಡುಗ!" ಎಂದು ಮೆಚ್ಚಿದರು. ಹಸಿದವನ ಓಟದಲ್ಲಿ ಆಟ ಕಾಣಬೇಕಾದರೆ ನೋಡುವವರ ಹೊಟ್ಟೆ ತುಂಬಿರಬೇಕು.

ಅದು ಹೋದ ವರ್ಷದ, ಅರವತ್ತೊಂದರ ಮಾತು. ಊರಿನ ಮಿಲ್ಲುಗಳೂ ಹರಿಹರದ ಕಾರ್ಖಾನೆಯೂ ಸೇರಿ ವರ್ಷವರ್ಷ ಲೀಗ್ ಆಡುತ್ತವೆ. "ಲೀಗ್ ಗೆಲ್ಲಿಸಿ ಕಪ್ ತಂದುಕೊಡು, ಕಾಯಂ ಮಾಡಿಸ್ತೀನಿ," ಎಂದರು ಸಾಹೇಬರು.

ಹಿದಾಯತ್‌ನ ತಾಯಿ ಹಜೀರಾಬೀ ಮಂಡಕ್ಕಿ ಭಟ್ಟಿಯಲ್ಲಿ ದುಡಿಯುತ್ತಿದ್ದಳು. ಕಾದ ಮರಳು, ಹೊಟ್ಟಿನ ಹೊಗೆ. ಕಣ್ಣು ಆಗಲೇ ಮಂಜಾಗಿದ್ದವು.

"ಕಾಯಂ ಆದ ದಿನಾನೇ ನೀನು ಭಟ್ಟಿ ಬಿಡ್ಬೇಕಮ್ಮಾ," ಎಂದ ಮಗ.

"ಬಿಡ್ತೀನಿ ಬೇಟಾ. ಆ ಕಪ್ಪಿನಾಗೆ ಬರೇ ಚಾ ಕೊಡ್ತಾರೋ, ಅನ್ನಾನೂ ಕೊಡ್ತಾರೋ, ಮೊದ್ಲು ಅದು ಕೇಳ್ಕೊಂಡು ಬಾ."

ಅವನು ಕೇಳಲಿಲ್ಲ. ಆಡಿದ. ಬರಿಗಾಲಲ್ಲೇ ಆಡಿದ, ಯಾಕೆಂದರೆ ಸ್ಟೋರಿನಿಂದ ಬೂಟು ಪಡೆಯಲು ಕಾಯಂ ನಂಬರು ಬೇಕು. ಇಸ್ತ್ರಿ ಮಾಡಿದ ಚಡ್ಡಿಯ ಗೆರೆ ಕೆಡದಂತೆ ಆಡುತ್ತಿದ್ದ ಕ್ಯಾಪ್ಟನ್ ಹಾಲೇಶಪ್ಪನಿಗೆ ಎರಡು ಜೊತೆ ಬೂಟಿದ್ದವು. ಅವನು ಆಫೀಸಿನ ಗುಮಾಸ್ತ. ಮಳೆಗಾಲವಿಡೀ ಕೆಸರಿನಲ್ಲಿ ಹಿದಾಯತ್ ಗೋಲು ಹೊಡೆದ, ಹಾಲೇಶಪ್ಪ ಕೈ ಕುಲುಕಿದ. ಕೊನೆಗೆ ಹರಿಹರದವರ ಜೊತೆ ಒಂದು ಆಟ ಉಳಿಯಿತು. ಗೆದ್ದವರಿಗೇ ಲೀಗ್.

ತಂಡ ಹತ್ತಿ ಸಾಗಿಸುವ ಲಾರಿಯಲ್ಲಿ ಹೋಯಿತು. ಹರಿಹರದ ಮೈದಾನದಲ್ಲಿ ಇಳಿದಾಗ ಹತ್ತಿಯ ಎಳೆ ಮೆತ್ತಿಕೊಂಡು ಎಲ್ಲರ ತಲೆಯೂ ನೆರೆತಂತೆ ಬೆಳ್ಳಗಿತ್ತು.

"ಮುದುಕ್ರನ್ನ ಕರ್ಕಂಡು ಬಂದಾರಲೇ ದಾವಣಗೆರ್ಯೋರು!" ಎಂದು ಅಲ್ಲಿನ ಜನ ಕೂಗಿದರು.

"ನಿಮ್ಮನ್ನ ಸೋಲಿಸೋಕೆ ಮುದುಕ್ರೇ ಸಾಕು ಬರ್ರಿ!" ಎಂದು ನಮ್ಮ ಗೋಲ್‌ಕೀಪರ್ ಕೆಂಚವೀರಪ್ಪ ತಿರುಗಿ ಕೂಗಿದ.

ಆಟ ಮುಗಿಯುತ್ತ ಬಂದಿತ್ತು. ಯಾರದೂ ಗೋಲಿಲ್ಲ. ಚೆಂಡು ಹಿದಾಯತ್‌ನ ಕಾಲಿಗೆ ಬಂತು. ಅದೇ ಹೊತ್ತಿಗೆ ಮೈದಾನದ ಪಕ್ಕದ ಕಾರ್ಖಾನೆಯ ಸೈರನ್ ಕೂಗಿತು.

ನಿಂತರು! ಹರಿಹರದವರೂ ನಿಂತರು, ನಮ್ಮವರೂ ನಿಂತರು. ಕಾಯಂ ಮೈಗಳು, ಸೈರನ್ನಿಗೆ ಪಳಗಿದ ಮೈಗಳು. ಅವರ ಗೋಲ್‌ಕೀಪರ್ ಸೊಂಟದ ಮೇಲೆ ಕೈಯಿಟ್ಟು ಕಾರ್ಖಾನೆಯತ್ತ ತಿರುಗಿದ. ಹಾಲೇಶಪ್ಪ ಕರ್ಚೀಫು ತೆಗೆದ. ಹಿದಾಯತ್ ಮಾತ್ರ ಓಡಿದ. ಸೈರನ್ ಎಂದರೆ ಅವನ ಕಾಲಿಗೆ ಗೇಟು, ಜಾಬರ್, ಅವತ್ತಿನ ಅನ್ನ. ಗೋಲಿನ ಕಂಬಗಳ ನಡುವೆ ಚೆಂಡಿನ ಜೊತೆ ತಾನೂ ನುಗ್ಗಿ ಬಲೆಗೆ ಸಿಕ್ಕಿಬಿದ್ದ. ರೆಫರಿ ಶಾಲೆಯ ಮೇಷ್ಟ್ರು. ಅವರಿಗೆ ಸೈರನ್ನಿನ ಹಂಗಿಲ್ಲ. ಗೋಲು ಎಂದು ಸೀಟಿ ಊದಿದರು.

ಮಿಲ್ಲಿನ ಅಂಗಳದಲ್ಲಿ ಸನ್ಮಾನ ನಡೆಯಿತು. ಸಾಹೇಬರು ಮೈಕಿನ ಮುಂದೆ ನಿಲ್ಲಿಸಿ, "ಎಲ್ಲರೂ ನಿಂತರೂ ನೀನೊಬ್ಬ ಹೆಂಗೆ ಓಡಿದೆಯಯ್ಯಾ?" ಎಂದು ಕೇಳಿದರು.

ಹಿದಾಯತ್ ನಿಜ ಹೇಳಿಬಿಟ್ಟ. "ನಾನು ಬದಲಿ ಅಲ್ಲೇನ್ರಿ ಸಾಹೇಬ್ರೆ? ಸೈರನ್ ಕೇಳಿದ್ರೆ ಕಾಲು ತಾನಾಗೇ ಓಡ್ತಾವ್ರಿ."

ಅಂಗಳವೆಲ್ಲ ನಕ್ಕಿತು. ಸಾಹೇಬರು ನಗುತ್ತಲೇ ಏನೋ ಯೋಚಿಸಿದರು.

ಮರುದಿನ ಹಿದಾಯತ್ ಒಗೆದ ಅಂಗಿ ತೊಟ್ಟು ಅವರ ಕೋಣೆಗೆ ಹೋದ. ಅವತ್ತು ಹಜೀರಾಬೀ ಭಟ್ಟಿಗೆ ಹೋಗದೆ ಮನೆಯಲ್ಲೇ ಕಾಯುತ್ತಿದ್ದಳು.

"ಕಾಯಂ ಮಾಡೋದು ನನಗೇನು ಕಷ್ಟ ಅಲ್ಲಪ್ಪಾ," ಎಂದರು ಸಾಹೇಬರು. "ಆದರೆ ಕಾಯಂ ಆದರೆ ನೀನೂ ಅವರ ಹಾಗೆ ನಿಂತುಬಿಡ್ತೀಯ. ನೀನೇ ಹೇಳಿದೆಯಲ್ಲ! ಮುಂದಿನ ವರ್ಷ ಲೀಗ್ ಯಾರು ಗೆಲ್ಲಿಸ್ತಾರೆ? ಟೀಮಿನ ಒಳ್ಳೇದಕ್ಕೆ ಬದಲಿಯಾಗೇ ಇರು."

ಎಂಥ ದೂರದೃಷ್ಟಿ! ಕುದುರೆ ಓಡಲಿ ಎಂದು ಮೇವು ತಪ್ಪಿಸುವ ಸಾಹುಕಾರನಿಗೂ ಇಷ್ಟು ಬುದ್ಧಿ ಹೊಳೆದಿರಲಿಕ್ಕಿಲ್ಲ. ಆ ವಾರವೇ ಹಾಲೇಶಪ್ಪನಿಗೆ ಹೆಡ್ ಗುಮಾಸ್ತನಾಗಿ ಬಡ್ತಿ ಸಿಕ್ಕಿತು. ನಾಯಕತ್ವಕ್ಕಂತೆ. ಕರ್ಚೀಫು ತೆಗೆದು ನಿಂತದ್ದಕ್ಕೆ ಅಂತ ಬರೆಯಲು ಅವರಿಗೂ ನಾಚಿಕೆಯಾಗಿರಬೇಕು.

ಹಿದಾಯತ್ ಮನೆಗೆ ಬಂದಾಗ ತಾಯಿ ಅವನ ಮುಖವನ್ನು ಹತ್ತಿರದಿಂದ ನೋಡಿದಳು. ದೂರದಿಂದ ಅವಳಿಗೆ ಕಾಣುತ್ತಿರಲಿಲ್ಲ.

"ಚಾ ಅಷ್ಟೇನಾ?" ಎಂದಳು.

"ಚಾನೂ ಕೊಡ್ಲಿಲ್ಲಮ್ಮಾ."

ಅವಳು ಸೆರಗು ತಲೆಗೆ ಹೊದ್ದು ಭಟ್ಟಿಗೆ ಹೊರಟಳು. ಅಷ್ಟರಲ್ಲಿ ಮಿಲ್ಲಿನ ಸೈರನ್ ಕೂಗಿತು. ಮಗ ಒಗೆದ ಅಂಗಿಯಲ್ಲೇ ಓಡಿದ.

ಈ ವರ್ಷದ ಲೀಗ್ ಭಾನುವಾರ ಶುರು. ಆ ತಾಯಿ ಹುರಿದ ಮಂಡಕ್ಕಿಯನ್ನೇ ಮೆಲ್ಲುತ್ತ, ಆ ಮಗನ ಗೋಲಿಗೇ ಶಿಳ್ಳೆ ಹೊಡೆಯಲು ನೀವು ಬಂದೇ ಬರುತ್ತೀರಿ. ಬನ್ನಿ. ಆದರೆ ಸಾಹೇಬರು ಆಟಗಾರರ ಕೈ ಕುಲುಕಲು ಮೈದಾನಕ್ಕೆ ಇಳಿದಾಗ ಮಂಡಕ್ಕಿ ಪೊಟ್ಟಣ ಕೆಳಗಿಡಿ, ಎದ್ದು ನಿಲ್ಲಿ, ಅವರಿಗೆ ಕೇಳುವಂತೆ ಕೂಗಿ: "ಹಿದಾಯತ್‌ನನ್ನು ಯಾವತ್ತು ಕಾಯಂ ಮಾಡ್ತೀರಿ?" ಅವರು ದಿನ ಹೇಳುವ ತನಕ ಆಟ ಶುರುವಾಗಲು ಬಿಡಬೇಡಿ.